ಭಾಮೈದನ ಕೋಲಿನ ಹಿಂದೆ ಇಂಗ್ಲೆಂಡಿಗೆ

ಹೊಸನಗರ

ಇಂಗ್ಲೆಂಡಿಗೆ ಹೋಗಿಬಂದವರು ರಾಣಿಯ ಅರಮನೆ, ದೊಡ್ಡ ಗಡಿಯಾರ, ನದಿಯ ಸೇತುವೆ ಇವುಗಳ ಬಗ್ಗೆ ಬರೆಯುವುದು ವಾಡಿಕೆ. ನಾನು ಅವು ಯಾವುದನ್ನೂ ನೋಡಲಿಲ್ಲ. ನೋಡಿದ್ದು ಹಸಿರು ಬಟ್ಟೆ ಹೊದಿಸಿದ ಒಂದು ಮೇಜು, ಅದರ ಮೇಲೆ ಬಣ್ಣಬಣ್ಣದ ಚೆಂಡುಗಳು, ಅದರ ಸುತ್ತ ಸಾವಿನ ಮನೆಯಲ್ಲಿ ಚಪ್ಪಲಿ ಹುಡುಕುವವರ ಹಾಗೆ ಸದ್ದಿಲ್ಲದೆ ತಿರುಗುವ ಗಂಡಸರು. ಈ ಆಟಕ್ಕೆ ಸ್ನೂಕರ್ ಎನ್ನುತ್ತಾರೆ. ಕೋಲಿನಿಂದ ಬಿಳಿ ಚೆಂಡಿಗೆ ಹೊಡೆದು, ಅದರಿಂದ ಬೇರೆ ಚೆಂಡುಗಳನ್ನು ಮೂಲೆಯ ತೂತಿಗೆ ಬೀಳಿಸುವುದು. ಇಷ್ಟೇ ವಿಷಯ. ಇದಕ್ಕಾಗಿ ನಾನು ಏಳು ಸಮುದ್ರ ದಾಟಿದೆ.

ಆಡಿದವನು ನಾನಲ್ಲ, ನನ್ನ ಭಾಮೈದ ಧರಣೇಂದ್ರ. ಮನೆಯವರಿಗೆ ಧರಣ. ಬಿ.ಕಾಂ. ಓದಲೆಂದು ಹೊಸನಗರದಿಂದ ಸಾಗರಕ್ಕೆ ಹೋದ ಹುಡುಗ ಕಾಲೇಜಿನ ದಾರಿಯಲ್ಲಿದ್ದ ಕ್ಲಬ್ಬಿನೊಳಗೆ ಒಂದು ದಿನ ಇಣುಕಿದ, ಹಾಗೇ ಒಳಗೆ ಹೋದ, ಮತ್ತೆ ಹೊರಗೆ ಬರಲಿಲ್ಲ. ಅಲ್ಲಿದ್ದ ಮೇಜು ಬ್ರಿಟಿಷರ ಕಾಲದ್ದು. ಒಂದು ಮೂಲೆ ತಗ್ಗು. ಮಳೆಗಾಲದಲ್ಲಿ ಅದರ ಬಟ್ಟೆ ತೇವ ಕುಡಿದು ಕಂಬಳಿಯಾಗುತ್ತಿತ್ತು. ಅದರ ಮೇಲೆ ಚೆಂಡು ಓಡಿಸುವುದೆಂದರೆ ಗದ್ದೆಯಲ್ಲಿ ಸೈಕಲ್ ಹೊಡೆದ ಹಾಗೆ. ಅಂಥ ಮೇಜಿನ ಮೇಲೆ ಕಲಿತವನು ಬೆಂಗಳೂರಿಗೆ ಹೋಗಿ ಎಲ್ಲರನ್ನೂ ಸೋಲಿಸಿ ಬಂದ. ಎಂಬತ್ತರ ದಶಕದ ನಡುವೆ ಒಂದು ವರ್ಷ, ಇಂಗ್ಲೆಂಡಿನ ವೃತ್ತಿಪರ ಪಂದ್ಯಾವಳಿಯೊಂದರಲ್ಲಿ ಯಾರೋ ಕಾಲು ಮುರಿದುಕೊಂಡು ಒಂದು ಜಾಗ ಖಾಲಿಯಾಯಿತು. ಬೆಂಗಳೂರಿನವರು ಓಡಾಡಿ ಅದನ್ನು ಧರಣನಿಗೆ ಕೊಡಿಸಿದರು.

ನನ್ನ ಮಾವ ಪದ್ಮರಾಜಯ್ಯನವರದು ಹೊಸನಗರದಲ್ಲಿ ಅಕ್ಕಿ ಮಿಲ್ಲು. ಒಬ್ಬನೇ ಮಗ.

"ಎಂತ ಆಟ ಮಾರಾಯ ಅದು? ಓಡೋದಿಲ್ಲ, ಬೆವರೋದಿಲ್ಲ. ಕೋಲು ಹಿಡ್ಕೊಂಡು ಬಗ್ಗೋದು. ಇಲ್ಲೇ ಮಿಲ್ಲಲ್ಲಿ ಬಗ್ಗಿದ್ರೆ ನಾಕು ಮೂಟೆಯಾದ್ರೂ ಎತ್ತಬಹುದಿತ್ತು" ಎಂದರು. ಆಮೇಲೆ ತೀರ್ಪು ಕೊಟ್ಟರು. "ಇದೊಂದ್ಸಲ ಹೋಗ್ಲಿ. ಸೋತ್ರೆ ಮಾರನೇ ದಿನವೇ ಹೊರಡ್ಬೇಕು. ಬಂದ್ಮೇಲೆ ಕೋಲು ಅಟ್ಟಕ್ಕೆ, ಇವ್ನು ಮಿಲ್ಲಿಗೆ. ಅಳಿಯಂದ್ರೇ, ಕರ್ಕೊಂಡು ಬರೋ ಜವಾಬ್ದಾರಿ ನಿಮ್ದು."

ನನ್ನನ್ನೇ ಯಾಕೆ ಆರಿಸಿದರು ಎಂದರೆ, ಮನೆಯಲ್ಲಿ ಇಂಗ್ಲಿಷ್ ಬರುವವನು ನಾನೊಬ್ಬನೇ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಕೆಲಸವಿಲ್ಲದವನು ನಾನೊಬ್ಬನೇ ಎಂದು ಮಾವ ಹೇಳುತ್ತಾರೆ. ತೀರ್ಥಹಳ್ಳಿಯಲ್ಲಿ ನನ್ನದೊಂದು ರೇಡಿಯೋ ಅಂಗಡಿ. ಬೆಳಿಗ್ಗೆ ತಡವಾಗಿ ತೆರೆದು, ಮಧ್ಯಾಹ್ನ ನಿದ್ದೆಗೆ ಮುಚ್ಚಿ, ಸಂಜೆ ಇಸ್ಪೀಟಿಗೆ ಮತ್ತೆ ಮುಚ್ಚುವ ಅಂಗಡಿ. ಧರಣ ಗೆದ್ದರೆ ಏನು ಎಂದು ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಹೊರಡುವಾಗ ನಾನು ಬಾಯಿ ತಪ್ಪಿ "ಹೋಗ್ತೀವಿ ಅತ್ತೆ" ಎಂದುಬಿಟ್ಟೆ. ಅತ್ತೆ ಎದೆ ಹಿಡಿದುಕೊಂಡರು. "ಹಂಗೆ ಅಂತಾರಾ ಯಾರಾದ್ರೂ? ಒಳಗೆ ಬನ್ನಿ." ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ, "ಬರ್ತೀವಿ" ಎಂದು ಹೇಳಿಸಿ ಮತ್ತೆ ಕಳಿಸಿದರು. ಆ ಹೊತ್ತಿಗೆ ಬಸ್ಸು ಹೋಗಿತ್ತು. ಧರಣ ಮಾತ್ರ ಹುಟ್ಟಿದಾಗಿನಿಂದ "ಬರ್ತೀನಿ" ಎನ್ನದೆ ಹೊಸ್ತಿಲು ದಾಟಿದವನಲ್ಲ. ಅತ್ತೆ ಅವನಿಂದ ಇನ್ನೊಂದು ಮಾತನ್ನೂ ತೆಗೆದುಕೊಂಡರು. ಪರದೇಶದಲ್ಲಿ ಏನೇ ಆಗಲಿ, ಸೂರ್ಯ ಮುಳುಗಿದ ಮೇಲೆ ಊಟ ಮಾಡಕೂಡದು. ನಮ್ಮ ಜೈನರ ಮನೆಗಳಲ್ಲಿ ಇದು ಹೊಸದಲ್ಲ. ನಾನು ಬಿಟ್ಟು ಬಹಳ ಕಾಲವಾಗಿದೆ, ಅತ್ತೆಗೆ ಗೊತ್ತಿಲ್ಲ.

ಲಂಡನ್ನಿನ ವಿಮಾನ ನಿಲ್ದಾಣ

ಧರಣನ ಕೋಲಿಗೆ ನಮ್ಮೂರಿನ ಆಚಾರಿ ಹಲಸಿನ ಹಲಗೆಯಲ್ಲಿ ಪೆಟ್ಟಿಗೆ ಮಾಡಿಕೊಟ್ಟಿದ್ದ. ಉದ್ದ, ಭಾರ, ಎರಡು ಚಿಲಕ. ನೋಡಿದರೆ ಒಳಗೆ ಕೋವಿ ಇದೆ ಎಂದು ಯಾರಾದರೂ ಹೇಳಬೇಕು. ಸುಂಕದ ಅಧಿಕಾರಿಯೂ ಹಾಗೇ ಅಂದುಕೊಂಡ. ಇನ್ನಿಬ್ಬರನ್ನು ಕರೆದು, ಎಲ್ಲರೂ ಒಂದು ಹೆಜ್ಜೆ ಹಿಂದೆ ನಿಂತು, ಪೆಟ್ಟಿಗೆ ತೆರೆಯಲು ನನಗೆ ಹೇಳಿದರು. ಸತ್ತರೆ ನಾನು ಸಾಯಲಿ ಎಂದು.

ಒಳಗೆ ಅತ್ತೆಯ ಹಳೆಯ ಸೀರೆಯಲ್ಲಿ ಸುತ್ತಿದ ಕೋಲು, ಅದರ ಎರಡೂ ಪಕ್ಕದಲ್ಲಿ ಚಟ್ನಿಪುಡಿಯ ಪೊಟ್ಟಣಗಳು. ಅಧಿಕಾರಿ ಒಂದು ಪೊಟ್ಟಣ ಬಿಚ್ಚಿ ಮೂಸಿ, ಸೀನಿ, ಕಣ್ಣೊರೆಸಿಕೊಂಡು, ಕೋಲು ಕಂಡದ್ದೇ ಬೇರೆ ಮನುಷ್ಯನಾದ. ಆ ದೇಶದಲ್ಲಿ ಈ ಆಟ ನಮ್ಮ ಕ್ರಿಕೆಟ್ಟಿನ ಹಾಗೆ, ಮನೆಮನೆಯಲ್ಲಿ ಟೀವಿ ಮುಂದೆ ಕೂತು ನೋಡುತ್ತಾರೆ. ಕೋಲನ್ನು ಕಣ್ಣಿಗೆ ಹಿಡಿದು ನೋಡಿ, "ಇದು ಸೊಟ್ಟಗಿದೆಯಲ್ಲ!" ಎಂದ.

"ನಾನು ಕಲಿತ ಮೇಜೂ ಸೊಟ್ಟ. ಎರಡೂ ಸೇರಿದರೆ ನೇರ" ಎಂದ ಧರಣ.

ಆ ಮನುಷ್ಯ ಚಟ್ನಿಪುಡಿಯನ್ನು ತನ್ನ ಕೈಯಾರೆ ಮತ್ತೆ ಕಟ್ಟಿ ಕೊಟ್ಟ.

ಸಮುದ್ರದಂಡೆಯ ಊರು

ಪಂದ್ಯಾವಳಿ ನಡೆದದ್ದು ಉತ್ತರದ ಕಡೆಯ ಸಮುದ್ರದಂಡೆಯ ಊರೊಂದರಲ್ಲಿ. ಹೆಸರು ಹೇಳಿ ಪ್ರಯೋಜನವಿಲ್ಲ. ನಾನು ಹೇಳಿದ ಹೆಸರಿನ ಊರು ತಮ್ಮ ದೇಶದಲ್ಲೇ ಇಲ್ಲ ಎಂದು ರೈಲಿನವನು ವಾದಿಸಿದ. ಬೇಸಿಗೆಯಲ್ಲಿ ಅಲ್ಲಿ ಜಾತ್ರೆಯಂತೆ. ನಾವು ಹೋದದ್ದು ಚಳಿಗಾಲದ ಬಾಯಿಯಲ್ಲಿ. ಐಸ್‌ಕ್ರೀಮಿನ ಅಂಗಡಿಗಳಿಗೆಲ್ಲ ಹಲಗೆ ಬಡಿದಿದ್ದರು. ಆದರೂ ಸಮುದ್ರ ನೋಡಲು ಜನ ಬರುತ್ತಿದ್ದರು. ಬಂದು, ದಂಡೆಯ ಉದ್ದಕ್ಕೂ ಕಾರು ನಿಲ್ಲಿಸಿ, ಗಾಜು ಏರಿಸಿ, ಕಾರಿನೊಳಗೇ ಕೂತು ಫ್ಲಾಸ್ಕಿನ ಚಹಾ ಕುಡಿದು, ಒಂದು ಮಾತೂ ಆಡದೆ ಹೊರಟು ಹೋಗುತ್ತಿದ್ದರು. ನನಗೆ ಮೊದಲು ನಗು ಬಂತು. ಆಮೇಲೆ ನಮ್ಮ ಆಗುಂಬೆ ನೆನಪಾಯಿತು. ಸೂರ್ಯಾಸ್ತ ನೋಡಲೆಂದು ಬಸ್ಸು ಮಾಡಿಕೊಂಡು ಬಂದು, ಮೋಡ ನೋಡಿ, ಮಂಡಕ್ಕಿ ತಿಂದು, "ಭಾರಿ ಚೆನ್ನಾಗಿತ್ತು" ಎಂದು ಹೋಗುವ ಜನ ನಮ್ಮಲ್ಲೂ ಇದ್ದಾರೆ.

ನಾವು ಉಳಿದುಕೊಂಡ ಮನೆಯ ಯಜಮಾನಿ ಡೋರಿಸ್ ಎಂಬ ವಿಧವೆ. ನಾನು ಡೋರಿಸಮ್ಮ ಎನ್ನುತ್ತಿದ್ದೆ, ಅವರಿಗೂ ಇಷ್ಟವಾಯಿತು. ಮೊದಲ ದಿನ ಅವರಿಗೆ ಧರಣನ ಊಟದ ವಿಚಾರ ವಿವರಿಸಿದೆ. ಮಾಂಸ ಇಲ್ಲ. ಮೊಟ್ಟೆ ಇಲ್ಲ. ಈರುಳ್ಳಿ ಇಲ್ಲ. ಆಲೂಗೆಡ್ಡೆ ಇಲ್ಲ. ಕತ್ತಲಾದ ಮೇಲೆ ಏನೂ ಇಲ್ಲ. ಡೋರಿಸಮ್ಮ ಕಿಟಕಿಯಾಚೆ ನೋಡಿದರು. ಆ ಕಾಲದಲ್ಲಿ ಅಲ್ಲಿ ಮಧ್ಯಾಹ್ನದ ಚಹಾ ಕುದಿಯುವಷ್ಟರಲ್ಲಿ ಕತ್ತಲಾಗುತ್ತದೆ.

"ಹಾಗಾದರೆ ಈ ಹುಡುಗ ಬದುಕುವುದು ಯಾವಾಗ?" ಎಂದು ಕೇಳಿದರು.

ಮರುದಿನ ಅಭ್ಯಾಸಕ್ಕೆ ಹೊರಡುವಾಗ ಧರಣ ಬಾಗಿಲಲ್ಲಿ ನಿಂತು, ಮನೆಯಲ್ಲಿ ಹೇಳುವ ಹಾಗೇ, ಇಂಗ್ಲಿಷಿನಲ್ಲಿ "ಐ ವಿಲ್ ಕಮ್" ಎಂದ. ನಾವು ಸಂಜೆ ತಿರುಗಿ ಬಂದಾಗ ಮನೆಯ ಬಾಗಿಲು ತೆರೆದೇ ಇತ್ತು, ಮನೆಯೆಲ್ಲ ಹಿಮದ ಹಾಗೆ ತಣ್ಣಗಾಗಿತ್ತು, ಡೋರಿಸಮ್ಮ ಕೋಟು ಹಾಕಿಕೊಂಡು ಆರಿದ ಚಹಾದ ಮುಂದೆ ಕೂತಿದ್ದರು. "ಬರುತ್ತೇನೆ ಎಂದನಲ್ಲ, ಈಗ ಬರುತ್ತಾನೆ ಎಂದು ಕಾದೆ" ಎಂದು ನನ್ನನ್ನು ಬೈದರು.

"ಮಾರಾಯ, ಇಲ್ಲಿ ಗುಡ್ ಬೈ ಅನ್ಬೇಕು" ಎಂದು ಧರಣನಿಗೆ ಹೇಳಿಕೊಟ್ಟೆ.

"ಅದ್ರಲ್ಲಿ ಹೋಗೋದು ಮಾತ್ರ ಇದೆ ಭಾವ. ಬರೋದು ಎಲ್ಲಿದೆ?" ಎಂದ.

ಮೊದಲ ಸುತ್ತುಗಳು

ಆಟಗಾರರು ತೋಳಿಲ್ಲದ ಕರಿ ಕೋಟು, ಕೊರಳಿಗೆ ಚಿಟ್ಟೆ ಟೈ ಹಾಕಬೇಕೆಂದು ನಿಯಮ. ಧರಣನ ಕೋಟನ್ನು ತೀರ್ಥಹಳ್ಳಿಯಲ್ಲೇ ಹೊಲಿಸಿದ್ದೆವು, ಮದುವೆಯ ಬ್ಯಾಂಡ್‌ಸೆಟ್ಟಿನವರಿಗೆ ಹೊಲಿಯುವ ದರ್ಜಿಯ ಹತ್ತಿರ. ಅವನು ಅಭ್ಯಾಸಬಲದಿಂದ ಅಂಚಿಗೆ ಜರಿ ಪಟ್ಟಿ ಕೊಟ್ಟಿದ್ದ. ಅದನ್ನು ಹಾಕಿಕೊಂಡು ಧರಣ ಸಭಾಂಗಣದ ಬಾಗಿಲಲ್ಲಿ ನಿಂತಿದ್ದಾಗ ಒಬ್ಬ ದಪ್ಪ ಮನುಷ್ಯ ಬಂದು ಎರಡು ಬಿಯರ್ ತರಲು ಹೇಳಿ ಹೋದ. ಕೇಳಿದವರಿಗೆ ಇಲ್ಲ ಅನ್ನುವುದು ಧರಣನಿಗೆ ಗೊತ್ತಿಲ್ಲ. ಬಾರಿಗೆ ಹೋಗಿ, ಕೇಳಿ, ತಟ್ಟೆಯಲ್ಲಿಟ್ಟು ತಂದುಕೊಟ್ಟ. ಜನ್ಮದಲ್ಲಿ ಹೆಂಡ ಮುಟ್ಟದ ವಂಶದ ಕುಡಿ! ಹತ್ತು ನಿಮಿಷದ ಮೇಲೆ ಅದೇ ಹುಡುಗ ಮೇಜಿನ ಹತ್ತಿರ ಕೋಲು ಹಿಡಿದು ನಿಂತದ್ದನ್ನು ನೋಡಿ ಆ ಮನುಷ್ಯನಿಗೆ ಬಿಯರ್ ನೆತ್ತಿಗೆ ಹತ್ತಿ ಕೆಮ್ಮು ಬಂತು.

ಅಲ್ಲಿನ ಮೇಜು ಸಾಗರದ ಮೇಜಲ್ಲ. ಅದಕ್ಕೆ ಕೆಳಗಿನಿಂದ ಬಿಸಿ ಕೊಟ್ಟು ಬಟ್ಟೆಯನ್ನು ಗರಿಗರಿ ಇಟ್ಟಿರುತ್ತಾರೆ. ಧರಣ ಮೊದಲ ಹೊಡೆತವನ್ನು ಸಾಗರದ ಲೆಕ್ಕದಲ್ಲಿ ಹೊಡೆದ. ಬಿಳಿ ಚೆಂಡು ಮೇಜನ್ನೆಲ್ಲ ಸುತ್ತಿ, ಅಂಚು ಹಾರಿ, ಮುಂದಿನ ಸಾಲಿನ ಹೆಂಗಸೊಬ್ಬರ ಮಡಿಲಲ್ಲಿ ಕೂತಿತು. ಸಭೆ ನಕ್ಕಿತು. ನಾನು ಮನಸ್ಸಿನಲ್ಲೇ ವಾಪಸ್ಸು ಹೊರಡುವ ರೈಲು ಹುಡುಕತೊಡಗಿದೆ.

ಆದರೆ ಹುಡುಗ ಕಲಿತ. ಅರ್ಧ ಆಟ ಕಳೆಯುವಷ್ಟರಲ್ಲಿ ಅವನ ಕೈ ಮೆತ್ತಗಾಯಿತು. ಅಷ್ಟು ಭಾರದ ಮೇಜಿನ ಮೇಲೆ ಕಲಿತವನಿಗೆ ಈ ಮೇಜು ಹಗುರವಾಗಿ ಒಲಿಯಿತು. ಮೊದಲ ದಿನ ಗೆದ್ದ, ಎರಡನೇ ದಿನ ಗೆದ್ದ. ನಾನು ದಿನಾ ಬೆಳಿಗ್ಗೆ ಊರಿಗೆ ಹೊರಡಲು ಬಟ್ಟೆಬರೆ ಕಟ್ಟುವುದು, ಸಂಜೆ ಬಿಚ್ಚುವುದು. ನನಗೆ ನಿಜವಾಗಿ ಸಿಟ್ಟು ಬರುತ್ತಿತ್ತು. ಸೋತಿದ್ದರೆ ಇಷ್ಟೊತ್ತಿಗೆ ಮನೆಯಲ್ಲಿ ಕುಚ್ಚಲಕ್ಕಿ ಗಂಜಿ ಉಣ್ಣಬಹುದಿತ್ತು.

ಸೆಮಿಫೈನಲ್ ಗೆದ್ದ ಮರುದಿನ ಬೆಳಿಗ್ಗೆ ಸಮುದ್ರದ ಪಕ್ಕ ನಡೆಯುತ್ತಿದ್ದೆವು. "ಇಷ್ಟು ಆಯ್ತಲ್ಲ, ಸಾಕು ಬಿಡು. ಫೈನಲ್ ಸೋತ್ರೂ ಮರ್ಯಾದೆ" ಎಂದೆ.

ಧರಣ ನಡೆಯುವುದನ್ನು ನಿಲ್ಲಿಸಿದ. "ಮಿಲ್ಲಲ್ಲಿ, ಮನೇಲಿ, ಬಸದೀಲಿ, ಎಲ್ಲಾ ಕಡೆ ನಾನು ಅಪ್ಪಯ್ಯನ ಮಗ ಭಾವ. ಬೇಜಾರಲ್ಲಿ ಹೇಳ್ತಿಲ್ಲ, ಅಪ್ಪಯ್ಯ ಒಳ್ಳೇವ್ರೇ. ಆದ್ರೆ ಮೇಜಿನ ಹತ್ರ ಸೋತ್ರೂ ನಾನೇ ಸೋಲೋದು. ಮಿಲ್ಲಿಗೆ ಹೋದ್ಮೇಲೆ ಅದೂ ಇರಲ್ಲ."

ಗಾಳಿಗೆ ಕಣ್ಣಲ್ಲಿ ನೀರು ಬಂತು ಎಂದು ಅವನಿಗೆ ಹೇಳಿದೆ. ಗಾಳಿಯೇನೂ ಅಷ್ಟಿರಲಿಲ್ಲ.

ಫೈನಲ್, ಮಧ್ಯಾಹ್ನ

ಎದುರಾಳಿ ವಿಲ್ಫ್ ಎಂಬ ಹಳೆಯ ಹುಲಿ. ಆ ಊರಿನವನೇ. ಅವನು ಬಂದರೆ ಜನ ಎದ್ದು ನಿಲ್ಲುತ್ತಿದ್ದರು. ಈ ಆಟದಲ್ಲಿ ಒಂದೊಂದು ಪಾಳಿಗೆ ಫ್ರೇಮ್ ಎನ್ನುತ್ತಾರೆ. ಒಂಬತ್ತು ಫ್ರೇಮ್ ಮೊದಲು ಗೆದ್ದವನಿಗೆ ಕಪ್. ಮಧ್ಯಾಹ್ನ ಅರ್ಧ, ಸಂಜೆ ಅರ್ಧ. ಮಧ್ಯಾಹ್ನದ ಆಟ ಮುಗಿದಾಗ ವಿಲ್ಫ್ ಆರು, ಧರಣ ಎರಡು. ಪತ್ರಿಕೆಯವರು ವರದಿ ಬರೆದು ಮುಗಿಸಿ ಟೊಪ್ಪಿ ಹಾಕಿಕೊಳ್ಳುತ್ತಿದ್ದರು.

ಆಗ ಧರಣ ದೊಡ್ಡವರಿಂದ ಬೀಳ್ಕೊಳ್ಳುವ ಹಾಗೆ ವಿಲ್ಫ್‌ನ ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ಬಹಳ ವಿನಯದಿಂದ, "ಐ ವಿಲ್ ಕಮ್" ಎಂದು ಹೇಳಿ ಹೊರಟ.

ವಿಲ್ಫ್‌ನ ಮುಖ ನೋಡಬೇಕಿತ್ತು. ನಾಲ್ಕು ಫ್ರೇಮ್ ಹಿಂದಿರುವ ಹುಡುಗ, ಜರಿಯ ಕೋಟಿನವನು, "ಬರ್ತೀನಿ ನೋಡ್ತಿರು" ಎಂದು ಬೆದರಿಕೆ ಹಾಕಿದನಲ್ಲ! ಟೊಪ್ಪಿ ಹಾಕಿಕೊಂಡವರು ಟೊಪ್ಪಿ ತೆಗೆದರು. ಅರ್ಧ ಗಂಟೆಯೊಳಗೆ ಬಾರಿನಲ್ಲಿ, ಬೀದಿಯಲ್ಲಿ, ಊರಿನ ರೇಡಿಯೋದಲ್ಲಿ ಅದೇ ಮಾತು.

ಧರಣನಿಗೆ ಇದಾವುದೂ ಗೊತ್ತಿಲ್ಲ. ಅವನ ಚಿಂತೆ ಬೇರೆ. ಆಟ ಮುಗಿಯುವಷ್ಟರಲ್ಲಿ ಸೂರ್ಯ ಮುಳುಗಿದ್ದ.

"ಮೋಡ ಇದೆಯಲ್ಲೋ. ಮುಳುಗಿದ್ದನ್ನ ನೋಡಿದವ್ರು ಯಾರು?" ಎಂದೆ.

"ಅಮ್ಮನಿಗೆ ಮಾತು ಕೊಟ್ಟಿದೀನಿ ಭಾವ."

ಹೊಸನಗರದ ಗಡಿಯಾರ ಹಿಡಿದು ಲೆಕ್ಕ ಹಾಕಿ ನೋಡಿದೆ. ಅಲ್ಲಿ ಆಗಲೇ ಎಲ್ಲರೂ ಮಲಗುವ ಹೊತ್ತು. ಆ ದಾರಿಯೂ ಮುಚ್ಚಿತ್ತು. ಅವನು ನೀರು ಕುಡಿದು ಕಣ್ಣು ಮುಚ್ಚಿ ಕೂತ. ನಾನು ಅವನ ಪಾಲಿನದನ್ನೂ ತಿಂದೆ, ಇಬ್ಬರೂ ಉಪವಾಸವಿದ್ದು ಯಾರಿಗೆ ಲಾಭ?

ತಿಂದ ಮೇಲೆ ನನಗೆ ಧರ್ಮಬುದ್ಧಿ ಹುಟ್ಟಿತು. ಪಾಪ, ವಿಲ್ಫ್ ತಪ್ಪು ತಿಳಿದಿದ್ದಾನೆ, ಬಿಡಿಸಿ ಹೇಳೋಣ ಎಂದು ಹೋದೆ. ಅವನು ಓಣಿಯಂಥ ಜಾಗದಲ್ಲಿ ಸಿಗರೇಟು ಸೇದುತ್ತ ನಿಂತಿದ್ದ.

"ನೋಡಿ, ಅದು ಬೆದರಿಕೆಯಲ್ಲ. ನಮ್ಮಲ್ಲಿ ಹೋಗುವಾಗ ಹೋಗುತ್ತೇನೆ ಎನ್ನಬಾರದು. ಬರುತ್ತೇನೆ ಎನ್ನಬೇಕು" ಎಂದೆ.

"ಹೋಗುವಾಗ ಬರುತ್ತೇನೆ? ಹಾಗಾದರೆ ಬರುವಾಗ ಏನನ್ನುತ್ತೀರಿ?"

"ಬಂದೆ ಎನ್ನುತ್ತೇವೆ."

"ಬಂದ ಮೇಲೆ?"

"ಇಲ್ಲ, ಬರುವುದಕ್ಕೆ ಮುಂಚೆ. ಯಾರಾದರೂ ಕರೆದರೆ, ಕೂತಲ್ಲಿಂದ ಎದ್ದೇ ಇರುವುದಿಲ್ಲ, ಆಗಲೇ ಬಂದೆ ಎನ್ನುತ್ತೇವೆ."

ವಿಲ್ಫ್ ಸಿಗರೇಟನ್ನು ಬಾಯಿಂದ ತೆಗೆದ. "ಅಂದರೆ," ಎಂದು ನಿಧಾನವಾಗಿ ಹೇಳಿದ, "ನಿಮ್ಮ ಲೆಕ್ಕದಲ್ಲಿ ಅವನು ಬಂದಾಗಿದೆ."

ನಾನು ಬಾಯಿ ಮುಚ್ಚಿಕೊಂಡು ವಾಪಸ್ಸು ಬಂದೆ. ಮಾಡಬೇಕಾದ ಅನಾಹುತ ಮಾಡಿಯಾಗಿತ್ತು.

ಫೈನಲ್, ಸಂಜೆ

ಸಂಜೆಯ ಮೊದಲ ಫ್ರೇಮ್ ಧರಣನದು. ಹಿಂದಿನಿಂದ ಯಾರೋ "ಬರುತ್ತಿದ್ದಾನೆ ವಿಲ್ಫ್!" ಎಂದು ಕೂಗಿದರು. ಎಲ್ಲ ನಕ್ಕರು, ವಿಲ್ಫ್ ಕೂಡ. ಎರಡನೆಯದೂ ಧರಣನದು. ಈ ಸಲ ವಿಲ್ಫ್ ನಗಲಿಲ್ಲ. ತಾನು ಹೊಡೆಯುವ ಮೊದಲು ತಿರುಗಿ, ಕುರ್ಚಿಯಲ್ಲಿ ಕೂತ ಧರಣನನ್ನು ಒಮ್ಮೆ ನೋಡುವ ಚಟ ಅವನಿಗೆ ಶುರುವಾಯಿತು. ಧರಣ ಹಸಿದ ಹೊಟ್ಟೆಯಲ್ಲಿ, ಕೈ ಕಟ್ಟಿ, ಧ್ಯಾನಕ್ಕೆ ಕೂತ ಮುನಿಯ ಹಾಗೆ ಕೂತಿದ್ದ. ಅದನ್ನು ನೋಡಿದರೆ ಯಾರಿಗಾದರೂ ಭಯವಾಗಬೇಕು. ನನಗೆ ಗೊತ್ತು, ಅವನು ಯೋಚಿಸುತ್ತಿದ್ದದ್ದು ಮೊಸರನ್ನದ ಬಗ್ಗೆ.

ಆದರೆ ಒಂದು ಮಾತು ಹೇಳಬೇಕು. ಹೆದರಿಕೆಯಿಂದ ಒಬ್ಬ ಎರಡು ಚೆಂಡು ತಪ್ಪಬಹುದು, ಫೈನಲ್ ಸೋಲುವುದಿಲ್ಲ. ಉಳಿದದ್ದನ್ನು ಧರಣನೇ ಗೆಲ್ಲಬೇಕಾಗಿತ್ತು, ಗೆದ್ದ. ಕೆಂಪು ಚೆಂಡುಗಳು ಒಂದರ ಹಿಂದೆ ಒಂದು ಕಾಣೆಯಾಗುತ್ತಿದ್ದವು. ಆ ಸೊಟ್ಟ ಕೋಲು ಸೊಟ್ಟವೆಂದು ಯಾರೂ ಹೇಳಲಾರರು. ಮಡಿಲಲ್ಲಿ ಚೆಂಡು ಬಿದ್ದಿದ್ದ ಹೆಂಗಸೂ ಅದೇ ಜಾಗದಲ್ಲಿದ್ದರು. ಅವರ ಊರಿನವನು ಸೋಲುತ್ತಿದ್ದರೂ ಚಪ್ಪಾಳೆ ಮೊದಲು ಶುರುಮಾಡುತ್ತಿದ್ದವರು ಅವರೇ.

ಎಂಟು, ಎಂಟು. ಕೊನೆಯ ಫ್ರೇಮ್. ಮೇಜಿನ ಮೇಲೆ ಉಳಿದದ್ದು ಗುಲಾಬಿ ಚೆಂಡು, ಕರಿ ಚೆಂಡು. ಗುಲಾಬಿ ವಿಲ್ಫ್‌ಗೆ ಬಿದ್ದರೆ ಆಟ ಅಲ್ಲಿಗೇ ಮುಗಿಯಿತು. ಅವನು ಬಗ್ಗಿದ. ಮತ್ತೆ ನೆಟ್ಟಗಾದ. ತಿರುಗಿ ಧರಣನನ್ನು ನೋಡಿದ. ಮತ್ತೆ ಬಗ್ಗಿ ಹೊಡೆದ. ಗುಲಾಬಿ ತೂತಿನ ಬಾಯಲ್ಲಿ ಅಲುಗಾಡಿ ಅಲ್ಲೇ ನಿಂತಿತು.

ಧರಣ ಎದ್ದು ಅದನ್ನು ಬೀಳಿಸಿದ. ಇನ್ನು ಕರಿ ಚೆಂಡು ಯಾರದೋ ಕಪ್ ಅವರದು. ಅದು ಮೇಜಿನ ಅಂಚಿಗೆ ಅಂಟಿಕೊಂಡ ಹಾಗೆ ನಿಂತಿತ್ತು, ಸುಲಭದ ಹೊಡೆತವಲ್ಲ. ಅವನು ಸೋತ ಕೂಡಲೇ ಮನೆಗೆ ಕರೆದೊಯ್ಯಲು ಬಂದಿದ್ದ ನಾನು ಹುಂಚದ ಪದ್ಮಾವತಿ ಅಮ್ಮನಿಗೆ ಹರಕೆಯ ಮೇಲೆ ಹರಕೆ ಹೊರುತ್ತಿದ್ದೆ. ಹಣ್ಣುಕಾಯಿ, ಸೀರೆ, ಇಸ್ಪೀಟು ಬಿಡುತ್ತೇನೆ ಎಂದೂ ಅಂದುಬಿಟ್ಟೆ. ಆ ಕ್ಷಣದಲ್ಲಿ ಆ ಹುಡುಗ ಗೆಲ್ಲದಿದ್ದರೆ ನಾನು ಬದುಕಿ ಪ್ರಯೋಜನವಿಲ್ಲ ಎನ್ನಿಸಿತ್ತು. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಧರಣ ಮೇಜಿನ ಸುತ್ತ ಒಂದು ಸುತ್ತು ಬಂದ. ಕೋಲಿನ ತುದಿಗೆ ಚಾಕ್ ಹಚ್ಚಿದ. ಬಗ್ಗಿ ಹೊಡೆದ. ಕರಿ ಚೆಂಡು ಅಂಚನ್ನು ಸವರಿಕೊಂಡು ಹೋಗಿ ಮೂಲೆಯಲ್ಲಿ ಬಿತ್ತು.

ಗದ್ದಲ ಇಳಿದ ಮೇಲೆ ವಿಲ್ಫ್ ಬಂದು ಧರಣನನ್ನು ತಬ್ಬಿಕೊಂಡ. ಒಳ್ಳೆಯ ಮನುಷ್ಯ. "ಇನ್ನೊಂದು ಸಲ ಬರಬೇಡಪ್ಪ" ಎಂದ.

ಡೋರಿಸಮ್ಮನ ಮನೆಯ ಫೋನು

ಮರುದಿನ ಬೆಳಿಗ್ಗೆ, ಡೋರಿಸಮ್ಮ ಮಾಡಿದ ಗಂಜಿಯಂಥದೊಂದನ್ನು ಧರಣ ಮೂರು ಸಲ ಹಾಕಿಸಿಕೊಂಡು ತಿಂದ ಮೇಲೆ, ಮಿಲ್ಲಿಗೆ ಟ್ರಂಕ್ ಕಾಲ್ ಮಾಡಿದೆವು. ಬಹಳ ಹೊತ್ತಿನ ಮೇಲೆ ಹೊಸನಗರದ ಎಕ್ಸ್‌ಚೇಂಜಿನವರು ಸಿಕ್ಕಿದರು. "ಯಾರು, ತೀರ್ಥಹಳ್ಳಿ ಅಳಿಯಂದ್ರಾ? ಎಂತ ಆಯ್ತು, ಗೆದ್ನಾ?" ಎಂದು ಮೊದಲು ಅವರೇ ವರದಿ ತೆಗೆದುಕೊಂಡು, ಆಮೇಲೆ ಲೈನು ಕೊಟ್ಟರು.

"ಮಾವ, ಧರಣ ಗೆದ್ದ!"

"ಯಾವ್ದು ಗೆದ್ದ?" ಮಾವನ ಹಿಂದೆ ಮಿಲ್ಲಿನ ಸದ್ದು.

"ಇಡೀ ಪಂದ್ಯಾವಳಿ ಮಾವ. ಕಪ್ ಕೊಟ್ರು."

"ಎಷ್ಟು ಜನ ಆಡಿದ್ರು?"

"ಮೂವತ್ತೆರಡು."

"ಹಂಗಾದ್ರೆ ಮೂವತ್ತೊಂದು ಜನ ಸೋತ್ರಾ?"

"ಹೌದು ಮಾವ."

ಆಮೇಲೆ ಕೇಳಿದರು. "ಅವ್ರ ಅಪ್ಪಂದ್ರಿಗೆಲ್ಲ ಮಿಲ್ ಇದ್ಯಾ?"

ನಾನು ಲೆಕ್ಕ ಹಾಕುವಷ್ಟರಲ್ಲಿ "ಅವ್ನಿಗೆ ಕೊಡಿ" ಎಂದರು. ಧರಣ ಫೋನು ಹಿಡಿದು ನಿಂತ. "ಹೂಂ ಅಪ್ಪಯ್ಯ", "ಇಲ್ಲ ಅಪ್ಪಯ್ಯ", "ಇನ್ನೊಂದು ಊರಲ್ಲಿ ಕರೀತಿದಾರೆ ಅಪ್ಪಯ್ಯ" ಇಷ್ಟೇ. ಎಂತ ಅಂದ್ರು ಎಂದು ಸನ್ನೆಯಲ್ಲಿ ಕೇಳಿದೆ.

"ಬೆನ್ನು ನೋಯ್ತಿದ್ಯಾ ಅಂತ ಕೇಳಿದ್ರು" ಎಂದು ಫೋನನ್ನು ನನ್ನ ಕೈಗೆ ಕೊಟ್ಟು ಆಚೆ ತಿರುಗಿದ.

"ಅಳಿಯಂದ್ರೇ," ಎಂದರು ಮಾವ, "ಅಲ್ಲೇ ಇನ್ನೊಂದು ಊರಲ್ಲಿ ಆಟ ಇದ್ಯಂತೆ. ಅವ್ನು ಆಡ್ಲಿ. ನೀವು ಯಾವಾಗ ಬರ್ತೀರಿ?"

"ಇಷ್ಟು ದೂರ ಬಂದಾಯ್ತಲ್ಲ ಮಾವ, ಒಂದೆರಡು ದಿನ ಲಂಡನ್ ನೋಡ್ಕೊಂಡು..."

"ಅದೆಲ್ಲ ಬ್ಯಾಡ. ನಾಳೇನೇ ಹೊರಡಿ. ಮಿಲ್ಲಲ್ಲಿ ಕೂರಕ್ಕೆ ಒಬ್ರು ಬೇಕಲ್ಲ."

ಲೈನು ಕಡಿಯಿತು. ಎಕ್ಸ್‌ಚೇಂಜಿನವರು ಕಡಿದರೋ ಮಾವನೇ ಇಟ್ಟರೋ ಇವತ್ತಿಗೂ ಗೊತ್ತಿಲ್ಲ.

ಈಗ ಮಿಲ್ಲಿಗೆ ಬೆಳಿಗ್ಗೆ ಬೇಗ ಬರಬೇಕು. ಮಧ್ಯಾಹ್ನ ನಿದ್ದೆ ಇಲ್ಲ, ಬೆಲ್ಟಿನ ಸದ್ದಿಗೆ ಬರುವುದೂ ಇಲ್ಲ. ರೇಡಿಯೋ ಅಂಗಡಿಯನ್ನು ಹೆಂಡತಿ ನನಗಿಂತ ಚೆನ್ನಾಗಿ ನಡೆಸುತ್ತಿದ್ದಾಳೆ, ಅದನ್ನು ದಿನಕ್ಕೊಮ್ಮೆ ಹೇಳುತ್ತಾಳೆ ಕೂಡ. ಭತ್ತ ತಂದವರು ಕಾಯುತ್ತ ಕೂತಾಗ ಧರಣನ ಸುದ್ದಿ ಕೇಳುತ್ತಾರೆ. ನಾನು ಫೈನಲ್ಲಿನ ಕಥೆಯನ್ನು ಮೊದಲಿಂದ ಹೇಳುತ್ತೇನೆ. ಕೊನೆಗೆ ಅವರು, "ಅಲ್ಲಾ, ಸೋತವ್ರು ಯಾರು ಅಂದ್ರಿ?" ಎಂದು ಕೇಳುತ್ತಾರೆ. ವಿಲ್ಫ್ ಅಂತ ಒಬ್ಬ ಇದ್ದ ಎಂದು ಕೂಗಿ ಹೇಳುತ್ತೇನೆ. ಮಿಲ್ಲಿನ ಸದ್ದಿನಲ್ಲಿ ಅವರಿಗೆ ಕೇಳಿಸುವುದಿಲ್ಲ. ತಲೆಯಿಂದ ಕಾಲಿನವರೆಗೆ ತೌಡು ಮೆತ್ತಿಕೊಂಡು ನಿಂತ ನನ್ನನ್ನು ಒಮ್ಮೆ ನೋಡಿ, ಅರ್ಥವಾಯಿತು ಎಂದು ತಲೆಯಾಡಿಸುತ್ತಾರೆ.